ಹಸುರು ಕಟ್ಟಡವೂ ನಮ್ಮ ಶಾಲೆಯೂ

ಇತ್ತೀಚೆಗೆ ‘ಹಸುರು ಕಟ್ಟಡ’ವೆಂಬ ಮಾತು ಎಲ್ಲೆಡೆಯೂ ಕೇಳಿಬರುತ್ತಿರುವುದು. ಕಟ್ಟಡವೊಂದು ನೀರನ್ನೂ ವಿದ್ಯುಚ್ಛಕ್ತಿಯನ್ನೂ ಎಷ್ಟು ಮಿತವಾಗಿ ಬಳಸುವುದು, ಒಳಗಿರುವವರಿಗೆ ಗಾಳಿಬೆಳಕುಗಳನ್ನು ಎಷ್ಟರಮಟ್ಟಿಗೆ ಒದಗಿಸುವುದು ಎಂಬುದನ್ನು ಪರೀಕ್ಷಿಸಿ, ಅಂಕಗಳನ್ನಿತ್ತು, ಪ್ರಮಾಣಪತ್ರವನ್ನು ಕೊಡುವ ಪದ್ಧತಿಯಿದು. ನಮ್ಮ ದೇಶದಲ್ಲಿ ಈ ಕಾರ್ಯಕ್ಕಾಗಿ 2001ರಲ್ಲಿ ಭಾರತೀಯ ಹಸುರು ಕಟ್ಟಡ ಮಂಡಲಿಯು ಸ್ಥಾಪಿತವಾಯಿತು. ಶಾಲೆಗಳಿಗೆಂದೇ ಅದರಲ್ಲಿ ಪ್ರತ್ಯೇಕ ಕ್ರಮವುಂಟು. ನಮ್ಮ ಶಾಲೆಗೆ ಹೊಸ ಕೊಠಡಿಗಳು ಬೇಕೆಂಬ ಮಾತು ಹುಟ್ಟಿರುವ ಈ ಸಮಯದಲ್ಲಿ ಹಳೆಯ ವಿದ್ಯಾರ್ಥಿನಿಯರು ಕೆಲವರು ಹವಾನಿಯಂತ್ರಣ ಯಂತ್ರಗಳನ್ನು ಕೊಡಿಸಲು ಮನಸ್ಸುಮಾಡಿರುವರು. ಅವರ ಔದಾರ್ಯಕ್ಕೆ ನಾವು ಕೃತಜ್ಞರು. ಆದರೂ ನಮ್ಮ ಅಭಿಪ್ರಾಯವೊಂದನ್ನು ವಿನಯಪೂರ್ವಕವಾಗಿ ಅರಿಕೆಮಾಡಿಕೊಳ್ಳುತ್ತೇವೆ.

ಕಡೂರು ಬಯಲುಸೀಮೆಯ ಊರು. ಏಪ್ರಿಲ್ ತಿಂಗಳ ಕಡೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯನು ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುವನು. ಆದಕಾರಣ ಇಲ್ಲಿ ಬಿಸಿಲಿನ ಪೆಟ್ಟನ್ನು ಗೋಡೆಗಿಂತ ಹೆಚ್ಚಾಗಿ ತಾಳಬೇಕಾದುದು ಛಾವಣಿಯೇ. ತಗಡು ಒಡನೆಯೇ ಕಾಯುವುದು. ಕಾಂಕ್ರೀಟಿನ ತಾರಸಿಯು ಹಗಲೆಲ್ಲ ಹೀರಿದ ಶಾಖವನ್ನು ಸಂಜೆಯವರೆಗೂ ಕೆಳಗೆ ಕುಳಿತವರ ಮೇಲೆ ಸುರಿಸುವುದು. ನಮ್ಮ ಹೆಣ್ಣುಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವುದೂ ಬೇಸಗೆಯಲ್ಲಿಯೇ. ಬೆವರು ಉತ್ತರಪತ್ರಿಕೆಯ ಮೇಲೆ ತೊಟ್ಟಿಕ್ಕುತ್ತಿರಲು ಬುದ್ಧಿಯು ಸ್ಥಿರವಾಗಿ ನಿಲ್ಲುವುದೆಂತು?

ಹಿರಿಯರು ಇದನ್ನು ಅರಿತಿದ್ದರು. ಎತ್ತರವಾದ ಛಾವಣಿ, ಎದುರುಬದುರು ಕಿಟಕಿಗಳು, ಉದ್ದನೆಯ ಜಗಲಿ, ಮೇಲೆ ಮಂಗಳೂರು ಹೆಂಚು, ಇವು ಅವರ ಉಪಾಯಗಳು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಕಾದ ಗಾಳಿಯು ಮೇಲೇರಿ ಹೆಂಚಿನ ಸಂದುಗಳಿಂದ ಹೊರಟುಹೋಗುವುದು. ಹೊಸ ಕಾಲದವರೂ ಈ ತತ್ತ್ವವನ್ನು ಬಿಟ್ಟಿಲ್ಲ. ಅಮೆರಿಕಾದ ಹೊರಗೆ ಲೀಡ್ ಪದ್ಧತಿಯ ಪ್ಲಾಟಿನಂ ಶ್ರೇಣಿಯನ್ನು 2003ರಲ್ಲಿ ಮೊಟ್ಟಮೊದಲು ಪಡೆದ ಹೈದರಾಬಾದಿನ ಸೊಹ್ರಾಬ್ಜಿ ಗೋದ್ರೇಜ್ ಕೇಂದ್ರದಲ್ಲಿ, ಹೊರಗಿನ ಗಾಳಿಯನ್ನು ಮೊದಲು ಗೋಪುರಗಳಲ್ಲಿ ತಣಿಸಿ ಆಮೇಲೆ ಯಂತ್ರಕ್ಕೆ ಒಪ್ಪಿಸುವರು.

ಹೆಂಚಿಗೆ ವರ್ಷವರ್ಷವೂ ಕೈಯಾಡಿಸಬೇಕು, ಅಂತಸ್ತಿನ ಮೇಲೆ ಅಂತಸ್ತು ಏರಿಸಲು ತಾರಸಿಯೇ ಬೇಕು ಎಂಬ ಆಕ್ಷೇಪಣೆಯು ನ್ಯಾಯವಾದುದೇ. ಹಾಗಾದರೆ ತಾರಸಿಗೆ ಬಿಳಿಯ ಸುಣ್ಣವನ್ನಾದರೂ ಬಳಿಸೋಣ; ಛಾವಣಿಯ ಬಳಿ ಗಾಳಿಗಂಡಿಗಳನ್ನಿಡಿಸೋಣ; ಪಡುವಣ ಗೋಡೆಗೆ ನೆರಳಾಗುವಂತೆ ಹೊಂಗೆಬೇವುಗಳನ್ನು ನೆಡೋಣ. ಹಳೆಯ ಪಂಖವು 75 ವ್ಯಾಟು ತಿಂದರೆ ಹೊಸ ಬಗೆಯದು ಸುಮಾರು 30 ವ್ಯಾಟಿನಲ್ಲಿಯೇ ತಿರುಗುವುದು. ಗೋಡೆಗೆ ತೂಗುಹಾಕುವ ಸಾಮಾನ್ಯ ಹವಾನಿಯಂತ್ರಣ ಯಂತ್ರವಾದರೋ ಕೊಠಡಿಯ ಗಾಳಿಯನ್ನೇ ಮರಳಿ ಮರಳಿ ತಣಿಸುವುದಲ್ಲದೆ ಹೊಸ ಗಾಳಿಯನ್ನು ತರುವುದಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಲವತ್ತು ಮಕ್ಕಳು ಬಿಟ್ಟ ಉಸಿರನ್ನೇ ಮತ್ತೆ ಸೇದುವರು. ತಂಪಿನೊಡನೆ ತೂಕಡಿಕೆಯೂ ಬರುವುದು. ಕಂಪ್ಯೂಟರ್ ಕೊಠಡಿಗೆ ಯಂತ್ರವು ಬೇಕಾದರೆ ಇರಲಿ. ಅದನ್ನು 24 ಡಿಗ್ರಿಗೆ ಇಟ್ಟರೆ ಸಾಕು.

ಪ್ರಮಾಣಪತ್ರವನ್ನು ನಾವು ಹಳಿಯುವವರಲ್ಲ. ಲೆಕ್ಕವಿಟ್ಟು ನೋಡುವ ಅದರ ಶಿಸ್ತು ಒಳ್ಳೆಯದು. ಆದರೆ ಗೋಡೆಯ ಮೇಲಿನ ಫಲಕದಿಂದ ಕೊಠಡಿಯು ತಂಪಾಗದು. ಮೊದಲು ಪ್ರತಿಯೊಂದು ತರಗತಿಯಲ್ಲಿಯೂ ಉಷ್ಣಮಾಪಕವೊಂದನ್ನಿಟ್ಟು, ಮಧ್ಯಾಹ್ನದ ಶಾಖವನ್ನು ಹುಡುಗಿಯರೇ ದಿನವೂ ಬರೆದಿಡಲಿ. ಯಾವ ಕೊಠಡಿಗೆ ಏನು ಬೇಕೆಂಬುದನ್ನು ಆ ಪುಸ್ತಕವೇ ಹೇಳುವುದು. ದಾನಮಾಡಲಿರುವ ಸೋದರಿಯರೂ ತಾಯಿತಂದೆಗಳೂ ಅದನ್ನು ಓದಿನೋಡಿ ತಮ್ಮ ಹಣವನ್ನು ಮೊದಲು ಛಾವಣಿಗೆ ಕೊಡಬೇಕೆಂದು ನಾವು ಪ್ರಾರ್ಥಿಸುತ್ತೇವೆ.