ಹೀಟರ್ ಸೋರಿಕೆಗೆ ಅರಿಶಿನ ಮದ್ದಲ್ಲ

ನಾವು ನಾಲ್ಕು ಜನ ಮೇಷ್ಟ್ರುಗಳು ಸೇರಿ ಕೊಂಡ ಹಳೇ ವ್ಯಾನೊಂದಿದೆ. ರಜೆ ಬಂದರೆ ಹಿಂದೆ ಹಾಸಿಗೆ ಹಾಸಿ, ಸ್ಟೌ ಇಟ್ಟುಕೊಂಡು ಊರೂರು ಸುತ್ತುತ್ತೇವೆ. ಆ ವ್ಯಾನಿನ ಹೀಟರ್ ಒಂದು ವರ್ಷ ನಮ್ಮನ್ನು ಆಟ ಆಡಿಸಿತು.

ಎಡಗಡೆ ಸೀಟಿನ ಕೆಳಗೆ ಮ್ಯಾಟ್ ಒದ್ದೆ. ಗಾಜಿನ ಒಳಗೆ ಜಿಡ್ಡು. ಏನೋ ಸಿಹಿ ವಾಸನೆ. ವ್ಯಾನಿಗೆ ಏಸಿ ಇಲ್ಲ, ಹಾಗಾಗಿ ಅದು ಏಸಿ ನೀರಲ್ಲ, ಕೂಲೆಂಟ್. ಮೊದಲನೇ ಮೆಕ್ಯಾನಿಕ್ ಹೋಸ್ ಬದಲಾಯಿಸಿದರು. ಎರಡನೆಯವರು ಕ್ಲ್ಯಾಂಪ್ ಬಿಗಿ ಮಾಡಿದರು. ಮೂರನೆಯವರು ರೇಡಿಯೇಟರಿಗೆ ಅರಿಶಿನ ಪುಡಿ ಸುರಿದರು. ಹದಿನೈದು ದಿನ ನಿಂತಿತು, ಮತ್ತೆ ಶುರು. ಕೊನೆಗೆ ಒಬ್ಬರು, "ನಮ್ಮ ಕಡೆ ಹೀಟರ್ ಯಾಕೆ ಬೇಕು ಸಾರ್?" ಎಂದು ಎರಡೂ ಹೋಸ್ ಸೇರಿಸಿ ಹೀಟರನ್ನೇ ಬಂದ್ ಮಾಡಿಬಿಟ್ಟರು.

ಯಾಕೆ ಬೇಕು ಅಂತ ಡಿಸೆಂಬರಿನಲ್ಲಿ ಗೊತ್ತಾಯಿತು. ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿ ಇಳಿಯಬೇಕು, 27 ಹೇರ್‌ಪಿನ್ ತಿರುವು. ಹೊರಗೆ ಮಂಜು, ಒಳಗೆ ನಮ್ಮ ಉಸಿರಿಗೇ ಗಾಜು ಮಸುಕು. ಒಬ್ಬರು ಟವೆಲಿನಿಂದ ಒರೆಸುವುದು, ಇನ್ನೊಬ್ಬರು ಸ್ಟಿಯರಿಂಗ್ ತಿರುಗಿಸುವುದು. ಎದುರಿಗೆ ಲಾರಿ ಬಂದಿದ್ದು ಹಾರ್ನ್ ಕೇಳಿದ ಮೇಲೆ ತಿಳಿಯಿತು. ಹೀಟರಿನ ಬಿಸಿ ಗಾಳಿ ಇದ್ದಿದ್ದರೆ ಗಾಜು ತಿಳಿಯಾಗಿರುತ್ತಿತ್ತು. ಹೋಸ್ ಸೇರಿಸುವುದು ಮನೆ ಮುಟ್ಟುವ ತನಕದ ಉಪಾಯ ಅಷ್ಟೇ, ರಿಪೇರಿ ಅಲ್ಲ.

ಮಾರನೇ ವಾರ ಡ್ಯಾಶ್‌ಬೋರ್ಡ್ ಬಿಚ್ಚಿಸಿದೆವು. ಅದಕ್ಕೆ ಪೂರ್ತಿ ಒಂದು ದಿನ ಹಿಡಿಯಿತು. ಎಲ್ಲರೂ ಹಿಂಜರಿದಿದ್ದು ಇದೇ ಕೆಲಸಕ್ಕೆ. ಹೀಟರ್ ಕೋರ್ ಅಂದರೆ ಪುಸ್ತಕದಷ್ಟು ದೊಡ್ಡ ಪುಟ್ಟ ರೇಡಿಯೇಟರ್. ಅದರ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹಾಕಿ ಬಕೆಟ್ ನೀರಿನಲ್ಲಿ ಮುಳುಗಿಸಿದೆವು, ಪಂಕ್ಚರ್ ನೋಡುವ ಹಾಗೆ. ಪೈಪ್ ಕೂಡುವ ಬೆಸುಗೆಯಲ್ಲಿ ಸಾಲಾಗಿ ಗುಳ್ಳೆ! ಇಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೋರುತ್ತಿದ್ದುದರಿಂದ ತಣ್ಣಗಿದ್ದಾಗ ನೋಡಿದವರಿಗೆ ಸಿಕ್ಕಿರಲಿಲ್ಲ. ನಮ್ಮದು ಹಿತ್ತಾಳೆಯದ್ದು, ರೇಡಿಯೇಟರ್ ಅಂಗಡಿಯಲ್ಲಿ ಬೆಸುಗೆ ಹಾಕಿಕೊಟ್ಟರು. ಅಲ್ಯೂಮಿನಿಯಂ ಆಗಿದ್ದರೆ ಹೊಸದೇ ಹಾಕಿಸುವುದು ಮೇಲು. ಸಣ್ಣ ನಳಿಗೆಗಳಲ್ಲಿ ಅರ್ಧಕ್ಕರ್ಧ ಅರಿಶಿನದ ಕೆಸರು ಕಟ್ಟಿತ್ತು, ಅದನ್ನೂ ತೊಳೆದರು.

ವಾಪಸ್ ಜೋಡಿಸಿ, ಬೋರ್‌ವೆಲ್ ನೀರು ಬಿಟ್ಟು ಸರಿಯಾದ ಕೂಲೆಂಟ್ ತುಂಬಿ, ಹೀಟರ್ ಬಿಸಿಯ ಕಡೆಗಿಟ್ಟು ಇಂಜಿನ್ ಓಡಿಸಿ ಒಳಗಿನ ಗಾಳಿ ತೆಗೆದೆವು. ಹಳೇ ಕೂಲೆಂಟ್ ಚರಂಡಿಗೆ ಚೆಲ್ಲಬೇಡಿ. ರುಚಿ ಸಿಹಿ, ಆದರೆ ವಿಷ. ನಾಯಿ, ಮಕ್ಕಳು ಮುಟ್ಟಬಾರದು.

ನಾವು ಮೆಕ್ಯಾನಿಕ್‌ಗಳನ್ನು ದೂರುತ್ತಿಲ್ಲ. "ಬೇಗ ಆಗಬೇಕು, ಕಡಿಮೆಗೆ ಆಗಬೇಕು" ಎಂದು ಅವಸರ ಮಾಡಿದ್ದು ನಾವೇ. ನಾಲ್ಕು ಸಲ ತೇಪೆಗೆ ಕೊಟ್ಟ ದುಡ್ಡು, ಒಂದು ಸಲ ಸರಿಯಾಗಿ ಮಾಡಿಸಿದ್ದಕ್ಕಿಂತ ಜಾಸ್ತಿಯೇ ಆಯಿತು. ಸೋರುವ ಜಾಗ ಕಣ್ಣಿಗೆ ಕಾಣುವ ತನಕ ರಿಪೇರಿಗೆ ಕೈ ಹಾಕಬಾರದು ಎನ್ನುವುದು ನಮ್ಮ ಅಭಿಪ್ರಾಯ. ನೀವೇನಂತೀರಿ?