ನೋಡಿದವರಿಗಿಲ್ಲದ ಹಣೆಪಟ್ಟಿ ನಟಿಗೆ ಮಾತ್ರ ಏಕೆ?

ಸಿಲ್ವಿಯಾ ಕ್ರಿಸ್ಟೆಲ್ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಒಂದು ಕಾಲಕ್ಕೆ ಯುರೋಪಿನಲ್ಲಿ ಆಕೆ ಮನೆಮಾತು. ಆದರೆ ಜನ ನೆನಪಿಟ್ಟುಕೊಂಡಿದ್ದು ಒಂದೇ ಒಂದು ಪಾತ್ರವನ್ನು.

ಸಿಲ್ವಿಯಾ ಹುಟ್ಟಿದ್ದು 1952ರಲ್ಲಿ, ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಪಟ್ಟಣದಲ್ಲಿ. ಅಪ್ಪ ಅಮ್ಮ ಹೋಟೆಲ್ ನಡೆಸುತ್ತಿದ್ದರು. ಹದಿಹರೆಯದಲ್ಲೇ ಮಾಡೆಲ್ ಆದ ಆಕೆ 1973ರಲ್ಲಿ ‘ಮಿಸ್ ಟಿವಿ ಯುರೋಪ್’ ಸ್ಪರ್ಧೆ ಗೆದ್ದರು. ಮರುವರ್ಷ ಜಸ್ಟ್ ಜಾಕಿನ್ ನಿರ್ದೇಶನದ ಫ್ರೆಂಚ್ ಚಿತ್ರ ‘ಇಮ್ಯಾನುಯೆಲ್’ ಬಂತು. ಗಂಡನಿರುವ ಬ್ಯಾಂಕಾಕ್‌ಗೆ ಹೋಗುವ ಯುವತಿಯೊಬ್ಬಳ ಕಾಮದ ಕಥೆ ಅದು. ಪ್ಯಾರಿಸ್‌ನ ಒಂದೇ ಚಿತ್ರಮಂದಿರದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಓಡಿತು.

ಹತ್ತು ವರ್ಷ ಓಡಬೇಕಾದರೆ ಪೋಲಿ ಹುಡುಗರಷ್ಟೇ ಹೋಗಿ ನೋಡಿದರೆ ಸಾಲದು. ಮೇಷ್ಟ್ರು, ವ್ಯಾಪಾರಿ, ಆಫೀಸರು, ಗಂಡ ಹೆಂಡತಿ ಎಲ್ಲರೂ ಟಿಕೆಟ್ ಕೊಂಡಿರಲೇಬೇಕು. ಚಿತ್ರ ಮುಗಿದ ಮೇಲೆ ಅವರೆಲ್ಲ ಮತ್ತೆ ಮರ್ಯಾದಸ್ಥರಾದರು. ಸಿಲ್ವಿಯಾ ಮಾತ್ರ ಕೊನೆಯವರೆಗೂ ‘ಇಮ್ಯಾನುಯೆಲ್’ ಆಗಿಯೇ ಉಳಿದರು.

ಅದರಿಂದ ಹೊರಬರಲು ಆಕೆ ಪ್ರಯತ್ನ ಪಡಲಿಲ್ಲ ಎನ್ನುವ ಹಾಗಿಲ್ಲ. 1977ರಲ್ಲಿ ಫ್ರಾನ್ಸಿನ ಹೆಸರಾಂತ ನಿರ್ದೇಶಕ ಕ್ಲಾಡ್ ಶಾಬ್ರೋಲ್ ಅವರ ‘ಆಲಿಸ್’ ಚಿತ್ರದಲ್ಲಿ, ಮರುವರ್ಷ ಜರ್ಮನರು ನೆದರ್ಲೆಂಡ್ಸನ್ನು ಆಕ್ರಮಿಸಿದ್ದ ಕಾಲದ ಕಥೆಯಾದ ‘ಪ್ಯಾಸ್ಟೊರಾಲೆ 1943’ರಲ್ಲಿ ನಟಿಸಿದರು. 1979ರ ಹಾಲಿವುಡ್ ಚಿತ್ರವೊಂದರಲ್ಲಿ ಗಗನಸಖಿಯಾದರು. ಆದರೂ 1981ರಲ್ಲಿ ‘ಲೇಡಿ ಚಾಟರ್ಲೀಸ್ ಲವರ್’, 1985ರಲ್ಲಿ ‘ಮಾತಾ ಹರಿ’ ಎಂದು ಅದೇ ಬಗೆಯ ಪಾತ್ರಗಳು ಬೆನ್ನು ಬಿಡಲಿಲ್ಲ.

‘ಗೊತ್ತಿದ್ದೇ ಒಪ್ಪಿಕೊಂಡಳಲ್ಲ, ಅನುಭವಿಸಲಿ’ ಎನ್ನುವವರಿದ್ದಾರೆ. ನಿಜ, ಒಪ್ಪಿಕೊಂಡರು. ಆಗ ಆಕೆಗೆ 21 ವರ್ಷ. ಕಥೆ ಬರೆದವರು, ಹಣ ಹಾಕಿದವರು, ಟಿಕೆಟ್ ಮಾರಿದವರು, ಕೊಂಡವರು, ಇವರೂ ಗೊತ್ತಿದ್ದೇ ಮಾಡಿದ್ದಲ್ಲವೇ? ಲಾಭ ಹತ್ತು ಜನಕ್ಕೆ ಹಂಚಿಹೋಯಿತು, ಹಣೆಪಟ್ಟಿ ಒಬ್ಬಳಿಗೇ ಅಂಟಿತು. ಇದು ಯಾವ ಲೆಕ್ಕದ ನ್ಯಾಯ?

ಮದ್ಯ, ಕೊಕೇನ್, ಕೈಬಿಟ್ಟ ಹಣ, ಎಲ್ಲವನ್ನೂ 2006ರ ಆತ್ಮಕಥೆಯಲ್ಲಿ ಸಿಲ್ವಿಯಾ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಚಿತ್ರಕಲೆ ಹಿಡಿದರು. ಒಂದು ಕಿರು ಅನಿಮೇಷನ್ ಚಿತ್ರವನ್ನು ತಾವೇ ನಿರ್ದೇಶಿಸಿದರು. 2012ರಲ್ಲಿ, 60ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡಾಗಲೂ ಸುದ್ದಿಗಳು ಆಕೆಯನ್ನು ಗುರುತಿಸಿದ್ದು ಆ 1974ರ ಪಾತ್ರದಿಂದಲೇ.

ಇವತ್ತು ಚಿತ್ರಮಂದಿರ ನಮ್ಮ ಅಂಗೈಗೇ ಬಂದಿದೆ. ನಟಿಯೊಬ್ಬಳ ವಿಡಿಯೋವನ್ನು ಪೂರ್ತಿ ನೋಡಿ, ನಾಲ್ಕು ಜನಕ್ಕೆ ಕಳಿಸಿ, ಆಮೇಲೆ ಅದರ ಕೆಳಗೆ ‘ಮಾನಗೆಟ್ಟವಳು’ ಎಂದು ಬರೆಯುವವರನ್ನು ದಿನವೂ ಕಾಣುತ್ತೇವೆ. ಪಾತ್ರ ಇಷ್ಟವಾಗದಿದ್ದರೆ ನೋಡಬೇಡಿ. ನಟನೆ ಚೆನ್ನಾಗಿಲ್ಲದಿದ್ದರೆ ಹಾಗೆಂದು ಬರೆಯಿರಿ. ನೋಡಿದ ತಪ್ಪನ್ನೂ ಅವಳ ತಲೆಗೆ ಕಟ್ಟಬೇಡಿ.