ಬೇಲಿಯೊಳಗೆ ಸೆಲ್ಫಿ, ಬೇಲಿಯಾಚೆ ಗುಂಡು

‘ಬೇಸಿಗೆ ರಜೆಯಲ್ಲಿ ನಮ್ಮ ಮಾವನ ರ‍್ಯಾಂಚ್‌ಗೆ ಬಾ, ಪ್ರೈರಿ ಡಾಗ್ ಹೊಡೆಯೋಣ’ ಎಂದ ನನ್ನ ಲ್ಯಾಬಿನ ಗೆಳೆಯ. ಹೆಸರಲ್ಲಿ ‘ಡಾಗ್’ ಕೇಳಿ ನಾನು ಬೆಚ್ಚಿಬಿದ್ದೆ. ಅವನು ಬಿದ್ದು ಬಿದ್ದು ನಕ್ಕ.

ಅದು ನಾಯಿ ಅಲ್ಲ. ಅಳಿಲಿನ ಜಾತಿಗೆ ಸೇರಿದ, ಹೆಚ್ಚೂಕಡಿಮೆ ಒಂದು ಕಿಲೋ ತೂಗುವ ಪ್ರಾಣಿ. ಅಮೆರಿಕದ ನಡುಭಾಗದ ಹುಲ್ಲುಗಾವಲಿನಲ್ಲಿ ಬಿಲ ತೋಡಿಕೊಂಡು ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ಬದುಕುತ್ತದೆ. ಗಿಡುಗ ಕಂಡರೆ ನಾಯಿಮರಿಯಂತೆ ಕುಂಯ್‌ಗುಟ್ಟಿ ಎಲ್ಲರನ್ನೂ ಎಚ್ಚರಿಸುವುದರಿಂದ ಆ ಹೆಸರು. ಇಲ್ಲಿ ಸೌತ್ ಡಕೋಟಾದಲ್ಲಿ ಓದುತ್ತಿರುವ ನಾನು ಅದನ್ನು ಮೊದಲು ನೋಡಿದ್ದು ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ. ಬಿಲದ ದಿಬ್ಬದ ಮೇಲೆ ಎರಡು ಕಾಲಲ್ಲಿ ಎದ್ದು ನಿಂತಿತ್ತು, ಕೈಕಟ್ಟಿ ನಿಂತ ಶಾಲೆಯ ಮಗುವಿನ ಹಾಗೆ. ಜನ ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅದೇ ಪ್ರಾಣಿ ಉದ್ಯಾನದ ಬೇಲಿ ದಾಟಿ ದನ ಮೇಯುವ ಜಮೀನಿಗೆ ಬಂದರೆ ‘ಪೀಡೆ’.

ಇದು ನನಗೆ ಹೊಸದೇನಲ್ಲ. ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿ. ಅಭಯಾರಣ್ಯದಲ್ಲಿ ಚಿಗರಿ ಹಿಂಡು ನೋಡಿ ಪ್ಯಾಟಿ ಮಂದಿ ‘ವಾವ್’ ಅಂತಾರೆ. ಅದೇ ಹಿಂಡು ರಾತ್ರಿ ನಮ್ಮ ಶೇಂಗಾ ಹೊಲಕ್ಕೆ ಇಳಿದರೆ ನನ್ನ ಅಜ್ಜ ತಗಡಿನ ಡಬ್ಬಿ ಬಡಿಯುತ್ತ ಬೆಳಗು ಮಾಡುತ್ತಿದ್ದ. ಆದ್ದರಿಂದ ‘ಅಯ್ಯೋ ಪಾಪ, ಮುದ್ದು ಪ್ರಾಣಿ’ ಎಂದು ಗೆಳೆಯನಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಹಾಗಂತ ಖುಷಿಯಿಂದ ‘ಹೂಂ’ ಎನ್ನಲೂ ಆಗಲಿಲ್ಲ.

ಅವನು ಮಾಡಿದ್ದ ಪಟ್ಟಿ ನೋಡಿದೆ. ರೈಫಲ್ ಎರಡು (ಒಂದರ ನಳಿಗೆ ಕಾದರೆ ಇನ್ನೊಂದು), ಸ್ಕೋಪ್, ಗುರಿ ಇಡಲು ಮೇಜು, ಮರಳುಚೀಲ, ಕಿವಿಗೆ ಮುಚ್ಚಳ, ಸನ್‌ಸ್ಕ್ರೀನ್, ಗುಂಡಿನ ಡಬ್ಬಿಗಳು. ಇನ್ನೂರು ಮುನ್ನೂರು ಗಜ ದೂರದಿಂದ ಇಷ್ಟು ಚಿಕ್ಕ ಪ್ರಾಣಿಗೆ ಗುರಿ ಇಡುವುದೇ ಇದರ ಮಜಾ. ಸಾಮಾನ್ಯವಾಗಿ ಯಾರೂ ಇದನ್ನು ತಿನ್ನುವುದಿಲ್ಲ. ಸತ್ತದ್ದು ಅಲ್ಲೇ ಬಿದ್ದಿರುತ್ತದೆ. ಪಟ್ಟಿಯ ಕೊನೆಯಲ್ಲಿ ಎಣಿಕೆ ಬರೆದಿಡಲು ಒಂದು ನೋಟ್‌ಬುಕ್ ಇತ್ತು. ನನಗೆ ಚುಚ್ಚಿದ್ದು ರೈಫಲ್ ಅಲ್ಲ, ಆ ನೋಟ್‌ಬುಕ್ಕು.

ಭಾನುವಾರ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊಲಕ್ಕ ಬಂದದ್ದನ್ನ ಓಡಿಸೋದು ಬ್ಯಾರೆ, ಹುಡುಕ್ಕೊಂಡು ಹೋಗಿ ಹೊಡಿಯೋದು ಬ್ಯಾರೆ. ಆ ಹೊಲದವಗ ಏನು ಬೇಕಂತ ಕೇಳೀರೇನು?’ ಎಂದರು.

ಕೇಳಿರಲಿಲ್ಲ! ನನ್ನ ತಕರಾರು ಇರುವುದು ಇಲ್ಲೇ. ಟ್ರಿಪ್ ಪ್ಲಾನ್ ಅಂದರೆ ನಮಗೆ ಸಾಮಾನಿನ ಪಟ್ಟಿ. ಯಾರ ಜಮೀನು, ಅದರ ಯಾವ ಮೂಲೆ, ಯಾವ ತಿಂಗಳು, ಯಾವ ಗುಂಡು ಎಂಬ ಪ್ರಶ್ನೆಗಳು ಪಟ್ಟಿಯಲ್ಲೇ ಇರುವುದಿಲ್ಲ. ಆದರೆ ಶಿಕಾರಿಯೋ ಮಾರಣಹೋಮವೋ ಎಂಬುದು ತೀರ್ಮಾನವಾಗುವುದು ಆ ಪ್ರಶ್ನೆಗಳಲ್ಲೇ.

ತಿಂಗಳನ್ನೇ ನೋಡಿ. ಪ್ರೈರಿ ಡಾಗ್ ವರ್ಷಕ್ಕೆ ಒಂದೇ ಸಲ ಮರಿ ಹಾಕುತ್ತದೆ. ವಸಂತದಲ್ಲಿ ಹುಟ್ಟಿದ ಮರಿಗಳು ಬಿಲದಿಂದ ಹೊರಗೆ ಬರಲು ಐದಾರು ವಾರ ಬೇಕು. ಅಷ್ಟರೊಳಗೆ ತಾಯಿಗೆ ಗುಂಡು ಬಿದ್ದರೆ ಮರಿಗಳು ಒಳಗೇ ಹಸಿದು ಸಾಯುತ್ತವೆ. ಕೊಲರಾಡೊ ರಾಜ್ಯದಲ್ಲಿ ಸಾರ್ವಜನಿಕ ಜಾಗದಲ್ಲಿ ಮಾರ್ಚ್ 1ರಿಂದ ಜೂನ್ 14ರವರೆಗೆ ಹೊಡೆಯುವಂತಿಲ್ಲ. ಖಾಸಗಿ ಜಮೀನಿಗೆ ಆ ತಡೆ ಇಲ್ಲ. ಅಂದರೆ ಅಲ್ಲಿ ಎಲ್ಲವೂ ಮಾಲೀಕನ ಮತ್ತು ಬಂದೂಕು ಹಿಡಿದವನ ವಿವೇಚನೆಗೆ ಬಿಟ್ಟದ್ದು. ಗೆಳೆಯ ಗುರುತು ಹಾಕಿದ್ದು ಮೇ ತಿಂಗಳಿಗೆ, ಸೆಮಿಸ್ಟರ್ ಮುಗಿಯುತ್ತದೆ ಎಂಬ ಒಂದೇ ಕಾರಣಕ್ಕೆ.

ಗುಂಡಿನ ವಿಷಯವೂ ಹಾಗೆಯೇ. ಸೀಸದ ಗುಂಡು ಒಳಹೊಕ್ಕು ಚೂರುಚೂರಾಗುತ್ತದೆ. ಬಿದ್ದ ಹೆಣವನ್ನು ಹದ್ದು, ಗಿಡುಗ ತಿಂದರೆ ಸೀಸ ಅವುಗಳ ಹೊಟ್ಟೆಗೂ ಹೋಗುತ್ತದೆ. ತಾಮ್ರದ ಗುಂಡು ಸಿಗುತ್ತದೆ, ಬೆಲೆ ತುಸು ಜಾಸ್ತಿ.

ಈ ಪ್ರಾಣಿ ಹೋದರೆ ಅದೊಂದೇ ಹೋಗುವುದಿಲ್ಲ. ಬಿಲಗೂಬೆ ಮೊಟ್ಟೆ ಇಡುವುದು ಇದರ ಬಿಲದಲ್ಲಿ. ಕಪ್ಪುಗಾಲಿನ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗೆ ಇದೇ ಊಟ, ಇದರ ಬಿಲವೇ ಮನೆ. ಕಳೆದ ಶತಮಾನದಲ್ಲಿ ರೈತರು, ಸರ್ಕಾರ ಸೇರಿ ವಿಷ ಹಾಕಿದರು, ಹುಲ್ಲುಗಾವಲನ್ನು ಉತ್ತರು. ಪ್ಲೇಗ್ ಬೇರೆ ಬಂತು. ಫೆರೆಟ್ ಅಳಿದೇಹೋಯಿತು ಅಂದುಕೊಂಡಿದ್ದಾಗ 1981ರಲ್ಲಿ ವ್ಯೋಮಿಂಗ್‌ನ ಮೀಟೀಟ್ಸಿ ಬಳಿ ರ‍್ಯಾಂಚ್ ಒಂದರ ನಾಯಿ ಸತ್ತ ಫೆರೆಟ್ ಕಚ್ಚಿಕೊಂಡು ಮನೆಗೆ ಬಂತು. ಹಾಗೆ ಪತ್ತೆಯಾದ ಗುಂಪಿನಲ್ಲಿ ಕೊನೆಗೆ ಉಳಿದದ್ದು 18. ಅವುಗಳನ್ನು ಹಿಡಿದು ಸಾಕಿ ಸಂತತಿ ಬೆಳೆಸಿದರು. ಈ ರಾಜ್ಯದ ಕೊನಾಟಾ ಬೇಸಿನ್‌ನಲ್ಲಿ ಬಿಟ್ಟವು ಚೆನ್ನಾಗಿ ನೆಲೆಯೂರಿದ್ದವು. 2008ರಲ್ಲಿ ಅಲ್ಲಿಗೂ ಪ್ಲೇಗ್ ಬಂತು. ನಮ್ಮ ಊರುಗಳನ್ನು ಖಾಲಿ ಮಾಡಿಸಿದ್ದ ಅದೇ ಪ್ಲೇಗ್, ಚಿಗಟದಿಂದ ಹರಡುವಂಥದ್ದು.

ಅಪ್ಪನ ಮಾತು ಕೇಳಿ ಗೆಳೆಯನ ಕೈಲಿ ಅವನ ಮಾವನಿಗೆ ಫೋನ್ ಮಾಡಿಸಿದೆ. ಅವರ ಮಾತು ನನ್ನ ಅರ್ಧ ಲೆಕ್ಕಾಚಾರ ತಲೆಕೆಳಗು ಮಾಡಿತು. ಬಿಲದಲ್ಲಿ ಕಾಲು ಸಿಕ್ಕಿ ದನ ಕಾಲು ಮುರಿದುಕೊಳ್ಳುತ್ತದೆ ಅಂತಾರಲ್ಲ ಎಂದು ಕೇಳಿದೆ. ‘ನನ್ನ ಅಪ್ಪನೂ ಹಾಗೇ ಹೇಳುತ್ತಿದ್ದ. ನಾನಂತೂ ಒಂದೂ ನೋಡಿಲ್ಲ’ ಎಂದು ನಕ್ಕರು. ಅವರ ಕಷ್ಟ ಬೇರೆ. ಮಳೆ ಕೈಕೊಟ್ಟ ವರ್ಷ ಇವು ಹುಲ್ಲನ್ನು ಬುಡದವರೆಗೆ ಕತ್ತರಿಸಿದರೆ ದನಕ್ಕೆ ಹೊರಗಿನಿಂದ ಮೇವು ಕೊಳ್ಳಬೇಕು. ಚಳಿಗಾಲದ ಮೇವು ಬೆಳೆಯುವ ಹೊಲಕ್ಕೆ ಎರಡು ವರ್ಷದಿಂದ ನುಗ್ಗುತ್ತಿವೆ. ಬಂದೂಕಿನವರು ಬರದಿದ್ದರೆ ಅವರು ಶರತ್ಕಾಲದಲ್ಲಿ ವಿಷ ಸವರಿದ ಓಟ್ಸ್ ಹಾಕುತ್ತಾರೆ. ಅಂದರೆ ನಾವು ಹೋಗದಿದ್ದರೂ ಆ ಪ್ರಾಣಿಗಳು ಬದುಕುವುದಿಲ್ಲ. ಇದನ್ನು ಮರೆತು ದೂರದಲ್ಲಿ ಕೂತು ಕಣ್ಣೀರು ಹಾಕುವುದು ಸುಲಭ.

ಗುಡ್ಡದ ಮೇಲಿನ ದೊಡ್ಡ ಗುಂಪಿನ ಬಗ್ಗೆ ಕೇಳಿದೆ. ‘ಅದರ ಪಾಡಿಗೆ ಅದಿರಲಿ, ಅಲ್ಲಿ ಗೂಬೆಗಳಿವೆ’ ಎಂದರು. ಗೆಳೆಯ ಮುಖ ಚಿಕ್ಕದು ಮಾಡಿದ. ಅವನು ಗುರಿ ಇಟ್ಟಿದ್ದು ಅದಕ್ಕೇ, ಎಣಿಕೆ ಅಲ್ಲೇ ಏರುವುದು.

ಅವನ ಜತೆ ಎರಡು ದಿನ ಜಗಳವಾಯಿತು. ‘ನಿಮ್ಮ ದೇಶದಲ್ಲಿ ಬೇಟೆಯೇ ಇಲ್ಲ, ನಿನಗೇನು ಗೊತ್ತು’ ಎಂದ. ಬೇಟೆ ಗೊತ್ತಿಲ್ಲ, ಹೊಲ ಕಾಯುವುದು ಗೊತ್ತು ಎಂದೆ. ಅವನೂ ಆ ರ‍್ಯಾಂಚ್‌ನಲ್ಲೇ ಬೇಸಿಗೆ ಕಳೆದು ಬೆಳೆದವನು, ಕೆಟ್ಟವನಲ್ಲ. ಕೊನೆಗೆ ಮೇ ಹೋಗಿ ಜುಲೈ ಆಯಿತು. ಜಾಗ ಮೇವಿನ ಹೊಲ ಮತ್ತು ಅದರ ಅಂಚು ಮಾತ್ರ. ಗುಂಡು ತಾಮ್ರದ್ದು. ನೋಟ್‌ಬುಕ್ ಬಗ್ಗೆ ಇನ್ನೂ ಒಪ್ಪಂದವಾಗಿಲ್ಲ.

ಇಲ್ಲಿಗೆ ಓದಲು ಬರುವವರಿಗೆ ಒಂದು ಮಾತು. ನಮ್ಮಂಥ ಎಫ್-1 ವೀಸಾದವರು ಬಂದೂಕು ಇರಲಿ, ಗುಂಡು ಕೈಯಲ್ಲಿ ಹಿಡಿದರೂ ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಗೆಳೆಯ ಕರೆದ ಅಂತ ‘ಒಂದೇ ಒಂದು ಗುಂಡು’ ಹಾರಿಸಿ ಓದು, ವೀಸಾ ಎರಡನ್ನೂ ಕಳೆದುಕೊಳ್ಳಬೇಡಿ.

ನಾನು ಲೈಸೆನ್ಸ್ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಆದರೆ ಹೋಗುತ್ತಿದ್ದೇನೆ. ಬೈನಾಕ್ಯುಲರ್, ನೀರಿನ ಕ್ಯಾನು, ಖಾಲಿ ತೋಟಾ ಆರಿಸುವ ಕೆಲಸ ನನ್ನ ಪಾಲಿಗೆ. ಮಾವ ಎರಡೇ ಷರತ್ತು ಹಾಕಿದ್ದಾರೆ: ತೆಗೆದ ಗೇಟು ಮುಚ್ಚಬೇಕು, ಬಿಲದೊಳಗೆ ಕೈ ಹಾಕಬಾರದು. ಅಲ್ಲಿ ಬುಡುಬುಡಿಕೆ ಹಾವು ಇರುತ್ತದಂತೆ. ಅಪ್ಪನಿಗೆ ಇದನ್ನಿನ್ನೂ ಹೇಳಿಲ್ಲ.